ಏರಿಯ ಮೇಲೆ ಯಾರು ನಡೆಯಬೇಕು?

ಕೆರೆ ಏರಿಯಲ್ಲಿ ಬೋಂಗಾ ಬಿದ್ದಿದೆ ಎಂದು ಸುದ್ದಿ ಬಂದರೆ ನಮ್ಮ ದೊಡ್ಡಪ್ಪ ಮೊದಲು ಕೇಳುತ್ತಿದ್ದ ಮಾತು ಒಂದೇ: ‘ನೀರು ತಿಳಿ ಬರಾಕತ್ತೇತೋ, ರಾಡಿ ಬರಾಕತ್ತೇತೋ?’ ಹಾನಗಲ್ ತಾಲ್ಲೂಕಿನ ನಮ್ಮೂರಲ್ಲಿ ಆರಿದ್ರಾ ಮಳೆಯ ಒಂದು ರಾತ್ರಿ ಅವರ ಬೆನ್ನಹಿಂದೆ ನಾನೂ ಏರಿಯ ಹಿಂಬದಿಗೆ ಇಳಿದಿದ್ದೆ. ಹುಲ್ಲಿನ ಬುಡದಲ್ಲಿ ಹೆಬ್ಬೆರಳು ಗಾತ್ರದ ತೂತು. ನೀರು ಸದ್ದಿಲ್ಲದೆ ಹೊರಬೀಳುತ್ತಿತ್ತು. ದೊಡ್ಡಪ್ಪ ತಂಬಿಗೆಯಲ್ಲಿ ಆ ನೀರು ಹಿಡಿದು, ಅಲುಗಾಡಿಸದೆ ಕಲ್ಲಿನ ಮೇಲಿಟ್ಟು, ಬ್ಯಾಟರಿ ಬೆಳಕು ಬಿಟ್ಟುಕೊಂಡು ಕೂತರು. ಬಹಳ ಹೊತ್ತಾದರೂ ತಳದಲ್ಲಿ ಮಣ್ಣು ಕೂರಲಿಲ್ಲ. ‘ತಿಳಿ ಐತಿ. ಗುರ್ತಿಗೆ ಒಂದು ಕೋಲು ನೆಡು, ನಸುಕಿನ್ಯಾಗ ಮತ್ತ ಬಂದು ನೋಡೂಣು’ ಎಂದರು. ರಾಡಿ ಬಂದಿದ್ದರೆ ಆ ಹೊತ್ತಿಗೇ ಊರು ಎಬ್ಬಿಸಬೇಕಿತ್ತು. ತಿಳಿನೀರು ಬಂದರೆ ಏರಿ ಬೆವರುತ್ತಿದೆ, ಅಷ್ಟೆ. ರಾಡಿ ಬಂದರೆ ಏರಿಯ ಹೊಟ್ಟೆಯೊಳಗಿನ ಮಣ್ಣೇ ಕರಗಿ ಬರುತ್ತಿದೆ.

ಆ ಕೆಲಸವನ್ನು ದೊಡ್ಡಪ್ಪನಿಗೆ ಯಾರೂ ವಹಿಸಿರಲಿಲ್ಲ. ಕೆರೆಯ ಕೆಳಗೆ ಗದ್ದೆ ಇತ್ತು, ಅದಕ್ಕೇ ಹೋಗುತ್ತಿದ್ದರು. ಅವರು ಹೋದಮೇಲೆ ಆ ಕೆಲಸ ಯಾರದು ಎಂಬುದು ನಮ್ಮೂರಿನಲ್ಲಿ ತೀರ್ಮಾನವಾಗಲೇ ಇಲ್ಲ. ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲ್ಲೂಕುಗಳ ಊರೂರಿನಲ್ಲಿ ಇದೇ ಪ್ರಶ್ನೆ ಇದೆ. ಏರಿಯನ್ನು ಕಾಯುವ ಹೊಣೆ ದೊರೆಯದೋ, ಊರಿನದೋ, ಎಂಜಿನಿಯರನದೋ, ನೀರು ಉಣ್ಣುವವನದೋ ಎಂಬ ವಾದ ಶತಮಾನಗಳಿಂದ ನಡೆದುಬಂದಿದೆ. ಆ ವಾದದ ಎಳೆಗಳನ್ನು ಒಂದೆಡೆ ತಂದು ನೋಡುವುದು ಈ ಲೇಖನದ ಉದ್ದೇಶ.

ಕಡಲಿಲ್ಲದ ನಾಡಿನ ಅಲೆ

ಹಾವೇರಿ ಜಿಲ್ಲೆಗೆ ಕಡಲಿಲ್ಲ. ಆದರೆ ಮುಂಗಾರಿನಲ್ಲಿ ತುಂಬಿದ ದೊಡ್ಡ ಕೆರೆಯ ಏರಿಯ ಮೇಲೆ ನಿಂತವರಿಗೆ ಅಲೆಯ ಹೊಡೆತ ಏನೆಂದು ಗೊತ್ತು. ಇಲ್ಲಿಯ ನೆಲದ ಇಳಿಜಾರು ಹೆಚ್ಚಾಗಿ ಈಶಾನ್ಯಕ್ಕೆ. ವರದಾ, ಕುಮುದ್ವತಿ ಎರಡೂ ಆ ದಿಕ್ಕಿಗೇ ಹರಿಯುತ್ತವೆ. ಆ ಇಳಿಜಾರಿಗೆ ಅಡ್ಡ ಕಟ್ಟಿದ ಏರಿಗೆ ನೈರುತ್ಯದ ಗಾಳಿ ಇಡೀ ಕೆರೆಯ ಉದ್ದಕ್ಕೂ ನೀರನ್ನು ತಳ್ಳಿಕೊಂಡು ಬಂದು ಅಪ್ಪಳಿಸುತ್ತದೆ. ಏರಿಯ ಒಳಮೈಗೆ ಕಲ್ಲು ಹೊದಿಸುವುದು ಇದಕ್ಕಾಗಿಯೇ. ಉಳ್ಳಾಲದ ತೀರದಲ್ಲಿ ಕಡಲಿಗೆ ಅಡ್ಡ ಸುರಿದ ಬಂಡೆಗಳು ಮರಳಿನಲ್ಲಿ ಹೂತುಹೋಗುವುದೂ, ನಮ್ಮ ಏರಿಯ ಕಲ್ಲುಗಳು ಒಂದೊಂದಾಗಿ ಕೆರೆಯೊಳಗೆ ಜಾರುವುದೂ ಒಂದೇ ಕಾರಣಕ್ಕೆ: ಕಲ್ಲಿನ ಹಿಂದಿನ ಸಣ್ಣ ಮಣ್ಣನ್ನು ಅಲೆ ಪ್ರತಿ ಸಲ ಹಿಂದೆ ಸರಿಯುವಾಗ ಎಳೆದುಕೊಂಡು ಹೋಗುತ್ತದೆ.

ಹಳಬರಿಗೆ ಇದು ಗೊತ್ತಿತ್ತು. ಕಲ್ಲಿನ ಹಿಂದೆ ಗರಸಿನ ಪದರ, ಅದರ ಮೇಲೆ ಗಾರೆಯಿಲ್ಲದೆ ಕೂರಿಸಿದ ಕಲ್ಲು, ಕಲ್ಲಿನ ಉದ್ದ ಏರಿಯೊಳಗೆ, ತಲೆ ಮಾತ್ರ ಹೊರಗೆ, ಸಂದಿಗೆ ಚಕ್ಕೆ ಬಡಿದು ಬಿಗಿ. ಗರಸು ನೀರನ್ನು ಬಿಡುತ್ತದೆ, ಮಣ್ಣನ್ನು ಬಿಡುವುದಿಲ್ಲ. ಒಂದು ಕಲ್ಲನ್ನು ಯಾರಾದರೂ ಮನೆಯ ಪಾಯಕ್ಕೆ ಕಿತ್ತೊಯ್ದರೆ ಅದರ ಸುತ್ತಲಿನ ಕಲ್ಲುಗಳ ಬಿಗಿ ಹೋಯಿತು. ಮರುವರ್ಷ ಅಲ್ಲೊಂದು ಚಾಪೆಯಗಲದ ಗುಂಡಿ, ಅದರ ಮರುವರ್ಷ ಎತ್ತಿನ ಗಾಡಿ ನಿಲ್ಲುವಷ್ಟು ಬಾಯಿ.

ಏರಿ ಒಡೆಯುವ ದಾರಿಗಳು ಕೆಲವೇ. ಕೋಡಿ ಸಾಲದೆ ನೀರು ಏರಿಯ ಮೇಲೆಯೇ ಹರಿದು ಹಿಂಬದಿಯನ್ನು ಕೊರೆಯುವುದು ಮೊದಲನೆಯದು. ಬಿಲ, ಬೇರು, ತೂಬಿನ ಪಕ್ಕದ ಸಂದಿ ಹಿಡಿದು ಒಳಗಿಂದ ಮಣ್ಣು ಕರಗುವುದು ಎರಡನೆಯದು. ನೆನೆದ ಮಣ್ಣು ತನ್ನ ಭಾರಕ್ಕೇ ಜಾರುವುದು ಮೂರನೆಯದು. ತುಂಬಿದ ಕೆರೆಯನ್ನು ಗಾಬರಿಯಲ್ಲಿ ಒಮ್ಮೆಗೇ ಖಾಲಿ ಮಾಡಿದರೂ ಒಳಮೈ ಹೀಗೆ ಕುಸಿಯುವುದುಂಟು. ಹಾನಗಲ್, ಹಿರೇಕೆರೂರಿನ ಕೆಂಪು ಮಣ್ಣಿಗೆ ಒಂದು ರೋಗವಾದರೆ ಸವಣೂರಿನ ಎರೆಮಣ್ಣಿಗೆ ಇನ್ನೊಂದು. ಎರೆ ಬೇಸಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮೊದಲ ದೊಡ್ಡ ಮಳೆಯ ನೀರು ಆ ಬಿರುಕಿಗೇ ಇಳಿಯುತ್ತದೆ. ಏರಿಯ ಮೇಲೆ ಬೆಳೆದ ಬಳ್ಳಾರಿ ಜಾಲಿಗೆ ಮಣ್ಣಿನ ಭೇದವಿಲ್ಲ. ಬೇರು ಬದುಕಿರುವತನಕ ಮಣ್ಣು ಹಿಡಿದಿರುತ್ತದೆ. ಮರ ಕಡಿದಮೇಲೆ ಅದೇ ಬೇರು ಕೊಳೆತು ನೀರಿಗೆ ಕೊಳವೆಯಾಗುತ್ತದೆ.

ಶಾಸನದಿಂದ ಕಡತಕ್ಕೆ

ಹಿರೇಕೆರೂರು ಎಂಬ ಹೆಸರಿನಲ್ಲೇ ಒಂದು ಹಿರಿಯ ಕೆರೆ ಇದೆ. ಅಲ್ಲಿಗೆ ನೆರೆಯ ತಾಳಗುಂದದ ಕಂಬಶಾಸನ ಕದಂಬ ಕಾಕುಸ್ಥವರ್ಮ ದೇವಾಲಯದ ಬಳಿ ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ. ಅದು ಐದನೆಯ ಶತಮಾನದ ಮಾತು. ಮುಂದೆ, ಆಗ ಪಾನುಂಗಲ್ಲು ಎನಿಸಿದ್ದ ಹಾನಗಲ್ಲಿನಲ್ಲಿ ಕದಂಬರ ಇನ್ನೊಂದು ಶಾಖೆ ಆಳಿತು. ಆನಿಕೆರೆ ಆ ಊರಿನ ಗುರುತಾಗಿ ಇವತ್ತಿಗೂ ಇದೆ. ಶಿಗ್ಗಾವಿಯ ನಾಗನೂರ ಕೆರೆ, ಸವಣೂರಿನ ನವಾಬರ ನೆನಪಿನ ಮೋತಿ ತಲಾಬ, ಹಿರೇಕೆರೂರಿನ ದುರ್ಗಾದೇವಿ ಕೆರೆ ಹೀಗೆ ಪಟ್ಟಿ ಬೆಳೆಯುತ್ತದೆ.

ಕೆರೆ ಕಟ್ಟಿಸುವುದು ಪುಣ್ಯವೆಂದು ಎಲ್ಲರೂ ಬಲ್ಲರು. ಅದನ್ನು ಉಳಿಸುವುದಕ್ಕೂ ಶಾಸನಗಳಲ್ಲಿ ಪ್ರತ್ಯೇಕ ಏರ್ಪಾಟು ಇತ್ತೆಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಬಿತ್ತುವಟ್ಟ, ಕಟ್ಟುಕೊಡಗೆ, ದಸವಂದ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕೆರೆ ಕಟ್ಟಿದವನಿಗೋ ಕಾಯುವವನಿಗೋ ಅದೇ ಕೆರೆಯ ನೀರುಣ್ಣುವ ಭೂಮಿಯಲ್ಲಿ ಪಾಲು ಕೊಡುವ ಕ್ರಮಗಳಿವು. ವಿಜಯನಗರದ ಕಾಲದಲ್ಲಿ ಏರಿಗೆ ಮಣ್ಣು ಹೊರಲೆಂದೇ ಬಂಡಿ, ಕೋಣಗಳನ್ನು ಸಾಕುವುದಕ್ಕೂ ದತ್ತಿ ಬಿಟ್ಟದ್ದುಂಟು. ಅಂದರೆ ದುರಸ್ತಿ ವರ್ಷಾವರ್ಷ ನಡೆಯುವ ಕೆಲಸ, ಅದಕ್ಕೆ ವರ್ಷಾವರ್ಷ ಹುಟ್ಟುವ ಆದಾಯವೇ ಬೇಕು ಎಂಬ ಲೆಕ್ಕ ಅವರಿಗೆ ಸ್ಪಷ್ಟವಾಗಿತ್ತು. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ನಾವು ಕಳೆದುಕೊಂಡ ಅತಿ ದೊಡ್ಡ ತಿಳಿವಳಿಕೆ ಇದೇ.

ಕಡಪ ಸೀಮೆಯ ಪೋರುಮಾಮಿಳ್ಳದ 1369ರ ಶಾಸನ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಹೇಳುತ್ತದೆ. ಏರಿಯಿಂದ ನೀರು ಜಿನುಗುವುದು ಒಂದು ದೋಷ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು ಮತ್ತೊಂದು. ಇದನ್ನು ಓದಿದಾಗಲೆಲ್ಲ ನನಗೆ ನೆನಪಾಗುವುದು ಹಿರೇಕೆರೂರು ಸೀಮೆಯ ಮಾಸೂರಿನ ಮದಗದ ಕೆರೆ. ಕುಮುದ್ವತಿ ಗುಡ್ಡಗಳ ಇಕ್ಕಟ್ಟಿನಲ್ಲಿ ಹಾಯುವ ಕಡೆ ವಿಜಯನಗರ ಕಾಲದಲ್ಲಿ ಎಬ್ಬಿಸಿದ ಭಾರಿ ಏರಿ ಅದು. ಮುಂದೊಂದು ದಿನ ಒಡೆಯಿತು. ಈಗ ನಾವು ನೋಡುವುದು ಆ ಹಳೆಯ ಜಲರಾಶಿಯ ಒಂದು ಪಾಲು ಮಾತ್ರ. ಬ್ರಿಟಿಷರ ಕಾಲಕ್ಕೆ ಒಂದು ಮಗ್ಗುಲಲ್ಲಿ ಮೈಸೂರು ಸಂಸ್ಥಾನದ ಶಿಕಾರಿಪುರ, ಇನ್ನೊಂದು ಮಗ್ಗುಲಲ್ಲಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯ ಕೋಡ ತಾಲ್ಲೂಕು. ಶಾಸನ ಎಣಿಸಿದ ದೋಷವೇ ಅಕ್ಷರಶಃ ಎದುರಿಗೆ. 1956ರಲ್ಲಿ ಎರಡೂ ಕಡೆ ಒಂದೇ ರಾಜ್ಯಕ್ಕೆ ಸೇರಿದವು, ಜಿಲ್ಲೆಗಳ ಗೆರೆ ಮಾತ್ರ ಉಳಿಯಿತು. ಜನಪದರ ಪ್ರಸಿದ್ಧ ಮದಗದ ಕೆರೆಯ ಹಾಡು ಯಾವ ಕೆರೆಯದೆಂಬುದಕ್ಕೆ ಒಂದಕ್ಕಿಂತ ಹೆಚ್ಚು ಸೀಮೆಯವರು ಹಕ್ಕು ಹೇಳುತ್ತಾರೆ. ಮಾಸೂರಿನವರ ಹಕ್ಕನ್ನು ನಾನು ತಳ್ಳಿಹಾಕಲಾರೆ.

ವಸಾಹತು ಆಡಳಿತಕ್ಕೆ ಕೆರೆ ಎಂದರೆ ಕಂದಾಯ ತರುವ ಆಸ್ತಿ. ಮೈಸೂರಿನ ಮುಖ್ಯ ಎಂಜಿನಿಯರ್ ಸ್ಯಾಂಕಿ 1866ರಲ್ಲಿ ಸಂಸ್ಥಾನದ ನೆಲದ ಶೇ 60ರಷ್ಟು ಕೆರೆಗಳ ಜಾಲದೊಳಗೆ ಬಂದಿದೆಯೆಂದು ಲೆಕ್ಕ ಹಾಕಿ, ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟವೆಂದು ಬೆರಗುಪಟ್ಟ. ಮುಂಬಯಿ ಪ್ರಾಂತದಲ್ಲಿ 1879ರ ನೀರಾವರಿ ಕಾಯ್ದೆ ಬಂತು. ದೊಡ್ಡ ಕೆರೆಗಳು ಲೋಕೋಪಯೋಗಿ ಇಲಾಖೆಯ ಕಡತ ಸೇರಿದವು, ಸಣ್ಣವು ಊರಿನ ಪಾಲಿಗೆ ಉಳಿದವು. ಸ್ವಾತಂತ್ರ್ಯದ ನಂತರ 1965ರ ಕರ್ನಾಟಕ ನೀರಾವರಿ ಕಾಯ್ದೆ ಹಕ್ಕನ್ನೆಲ್ಲ ಸರ್ಕಾರದ ಕೈಗೆ ಕೊಟ್ಟಿತು. 40 ಹೆಕ್ಟೇರ್‌ಗಿಂತ ದೊಡ್ಡ ಅಚ್ಚುಕಟ್ಟಿನವು ಸಣ್ಣ ನೀರಾವರಿ ಇಲಾಖೆಗೆ, ಚಿಕ್ಕವು ಪಂಚಾಯತಿ ವ್ಯವಸ್ಥೆಗೆ ಎಂಬ ಹಂಚಿಕೆ ಆಮೇಲಿನದು.

ಇದರ ನಡುವೆ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ವಂಶಪಾರಂಪರ್ಯದ ಊರ ಚಾಕರಿಗಳನ್ನು ಕೊನೆಗೊಳಿಸಿತು. ಏರಿ ತಿರುಗುವ, ತೂಬು ಎತ್ತಿ ಇಳಿಸುವ ನೀರಗಂಟಿಯ ಕೆಲಸ ಬಹಳ ಕಡೆ ದಲಿತ ಕುಟುಂಬಗಳ ಹೆಗಲ ಮೇಲಿತ್ತು. ಹುಟ್ಟಿನಿಂದ ಅಂಟಿದ ಆ ಚಾಕರಿ ಹೋದದ್ದು ನ್ಯಾಯವೇ. ಆದರೆ ಏರಿ ತಿರುಗುವ ಕೆಲಸಕ್ಕೆ ಸಂಬಳ, ಗೌರವ ಕೊಟ್ಟು ಇನ್ನೊಬ್ಬರನ್ನು ನೇಮಿಸಬೇಕೆಂದು ಯಾರೂ ಯೋಚಿಸಲಿಲ್ಲ.

ಊರೇ ಕಾಯುತ್ತಿತ್ತೇ?

ಇಂದಿನ ಚರ್ಚೆಯಲ್ಲಿ ಅತಿ ಜನಪ್ರಿಯ ವಾದ ಊರೊಟ್ಟಿನದು. ಒಂದು ಕಾಲಕ್ಕೆ ಊರು ತನ್ನ ಕೆರೆಯನ್ನು ತಾನೇ ನೋಡಿಕೊಳ್ಳುತ್ತಿತ್ತು, ಸರ್ಕಾರ ನಡುವೆ ಬಂದು ಆ ನಂಟು ಕಡಿಯಿತು, ಕೆರೆಯನ್ನು ಊರಿಗೆ ಮರಳಿಸಿದರೆ ಎಲ್ಲ ಸರಿಹೋಗುತ್ತದೆ ಎಂಬುದು ಅದರ ಸಾರ. ಅನುಪಮ್ ಮಿಶ್ರರ 1993ರ ಹಿಂದಿ ಪುಸ್ತಕ ಈ ಭಾವಕ್ಕೆ ದೇಶದ ತುಂಬ ಓದುಗರನ್ನು ತಂದಿತು. ಎಲಿನಾರ್ ಆಸ್ಟ್ರಮ್ 1990ರಲ್ಲಿ, ಊರ ಸೊತ್ತನ್ನು ಊರವರು ತಮ್ಮದೇ ಕಟ್ಟುಪಾಡಿನಿಂದ ಕಾಪಾಡಬಲ್ಲರೆಂದು ಲೋಕದ ಹಲವು ಕಡೆಯ ಉದಾಹರಣೆಗಳಿಂದ ತೋರಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ವಿಶ್ವಬ್ಯಾಂಕ್ ನೆರವಿನಿಂದ 2002ರಲ್ಲಿ ಶುರುವಾದ ಜಲ ಸಂವರ್ಧನೆ ಯೋಜನೆ ಇದೇ ನಂಬಿಕೆಯ ಕೂಸು. ಹಾವೇರಿಯೂ ಅದರಲ್ಲಿತ್ತು. ಕೆರೆ ಬಳಕೆದಾರರ ಸಂಘ ಕಟ್ಟಿ, ರೈತರ ವಂತಿಗೆ ಸೇರಿಸಿ, ಹೂಳೆತ್ತಿ ಏರಿ ಬಲಪಡಿಸಿ ಸಂಘಕ್ಕೆ ಒಪ್ಪಿಸುವುದು ಅದರ ಕ್ರಮ.

ಈ ವಾದ ಒಂದನ್ನು ಚೆನ್ನಾಗಿ ವಿವರಿಸುತ್ತದೆ: ನಮ್ಮ ದೊಡ್ಡಪ್ಪನಂಥವರು ಯಾಕೆ ನಡುರಾತ್ರಿ ಎದ್ದು ಹೋಗುತ್ತಿದ್ದರು ಎಂಬುದನ್ನು. ಅನ್ನದ ತಟ್ಟೆ ಏರಿಯ ಕೆಳಗೇ ಇತ್ತು. ಆದರೆ ಹಳೆಯ ಊರು ನಿಜಕ್ಕೂ ಒಗ್ಗಟ್ಟಿನದಾಗಿತ್ತೇ ಎಂದು ಕೇಳಿದರೆ ವಾದ ತಡವರಿಸುತ್ತದೆ.

ಇಲ್ಲಿ ಎರಡನೆಯ ಪಂಥ ಎದುರು ನಿಲ್ಲುತ್ತದೆ. ತಮಿಳುನಾಡಿನ ಕೆರೆಗಳ ಬಗ್ಗೆ ಡೇವಿಡ್ ಮಾಸ್ 2003ರಲ್ಲಿ ಬರೆದ ಪುಸ್ತಕದ ಮುಖ್ಯ ಮಾತು, ಕೆರೆಯ ಹಿಂದೆ ಇದ್ದದ್ದು ಊರ ಒಗ್ಗಟ್ಟಿಗಿಂತ ಹೆಚ್ಚಾಗಿ ದೊರೆ, ಪಾಳೆಯಗಾರ, ದೇವಸ್ಥಾನಗಳ ಅಧಿಕಾರ ಎಂಬುದು. ಮದ್ರಾಸ್ ಪ್ರಾಂತದಲ್ಲಿ ಕುಡಿಮರಾಮತ್ ಎಂಬ ಊರ ದುಡಿಮೆಯನ್ನು 1858ರಲ್ಲಿ ಕಾಯ್ದೆ ಮಾಡಿ ಕಡ್ಡಾಯಗೊಳಿಸಬೇಕಾಯಿತು; ತಾನಾಗಿಯೇ ನಡೆಯುತ್ತಿದ್ದರೆ ಕಾಯ್ದೆ ಯಾಕೆ ಬೇಕಿತ್ತು? ಕರ್ನಾಟಕದ ಕೆರೆಗಳನ್ನೇ ಅಧ್ಯಯನ ಮಾಡಿದ ಈಶಾ ಶಾ ಜನಪದ ಕಥನಗಳನ್ನೇ ಸಾಕ್ಷಿಗೆ ಕರೆದರು. ‘ಕೆರೆಗೆ ಹಾರ’ದಲ್ಲಿ ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ಬಲಿಯಾಗುವವಳು ಕಿರಿಸೊಸೆ ಭಾಗೀರಥಿ. ನಾವು ಶಾಲೆಯಲ್ಲಿ ಅದನ್ನು ತ್ಯಾಗದ ಕಥೆಯೆಂದು ಓದಿದೆವು. ಮನೆಯಲ್ಲಿ ಅತಿ ಕಡಿಮೆ ದನಿ ಇರುವವಳನ್ನೇ ಕೆರೆ ಬೇಡಿತು ಎಂಬುದನ್ನು ಕಾಣಲು ನನಗೆ ನಡುವಯಸ್ಸು ಬರಬೇಕಾಯಿತು. ಕೃಷ್ಣದೇವರಾಯ ಕಟ್ಟಿಸುತ್ತಿದ್ದ ಕೆರೆಯ ಏರಿ ಮತ್ತೆ ಮತ್ತೆ ಒಡೆದು, ಕೈದಿಗಳನ್ನೂ ಕುದುರೆ ಕೋಣಗಳನ್ನೂ ಬಲಿ ಕೊಟ್ಟದ್ದನ್ನು ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಬರೆದಿಟ್ಟಿದ್ದಾನೆ. ವಿಜಯನಗರದ ಕೆರೆಗಳನ್ನು ನೆಲದ ಮೇಲೆ ನಡೆದು ಅಧ್ಯಯನ ಮಾಡಿದ ಪುರಾತತ್ವಜ್ಞೆ ಕ್ಯಾಥ್ಲೀನ್ ಮಾರಿಸನ್ ಕೂಡ, ಹೂಳು ತುಂಬುವುದು, ಏರಿ ಒಡೆಯುವುದು ಆಗಲೂ ಮಾಮೂಲಾಗಿತ್ತೆಂದು ತೋರಿಸುತ್ತಾರೆ.

ಈ ಎರಡನೆಯ ಪಂಥದ ಚರಿತ್ರೆ ಸರಿ ಎಂದೇ ನನ್ನ ಅನಿಸಿಕೆ. ಆದರೆ ಅದು ನಮ್ಮನ್ನು ಏರಿಯ ಮೇಲೆ ತಂದು ನಿಲ್ಲಿಸಿ ಸುಮ್ಮನಾಗುತ್ತದೆ. ದಬ್ಬಾಳಿಕೆಯಿಲ್ಲದೆ ಏರಿ ಉಳಿಸುವುದು ಹೇಗೆ ಎಂಬ ನಾಳಿನ ಪ್ರಶ್ನೆಗೆ ಅದರಲ್ಲಿ ಉತ್ತರ ಸಿಕ್ಕುವುದಿಲ್ಲ.

ಕೋಡಿಯ ಗಣಿತ

ಎಂಜಿನಿಯರ್ ಪಂಥಕ್ಕೆ ಈ ಚರ್ಚೆಯೆಲ್ಲ ದೂರದ್ದು. ಅವರ ಪ್ರಕಾರ ಏರಿ ಒಡೆಯಲು ಮೊದಲ ಕಾರಣ ಕೋಡಿಯ ಅಳತೆ. ಎಷ್ಟು ಮಳೆ ಬಿದ್ದರೆ ಎಷ್ಟು ನೀರು ಹೊರಹೋಗಬೇಕು ಎಂಬ ಲೆಕ್ಕ ತಪ್ಪಿದರೆ ಉಳಿದ ಯಾವ ಭಕ್ತಿಯೂ ಏರಿಯನ್ನು ಉಳಿಸದು. 2019ರ ಆಗಸ್ಟ್‌ನಲ್ಲಿ ವರದಾ, ಧರ್ಮಾ ಎರಡೂ ಉಕ್ಕಿ ಹಾನಗಲ್, ಸವಣೂರಿನ ಊರುಗಳಿಗೆ ನುಗ್ಗಿದಾಗ, ಹಾನಗಲ್ಲಿನ ಗಡಿಯಾಚೆ ಮುಂಡಗೋಡ ತಾಲ್ಲೂಕಿನ ಚಿಗಳ್ಳಿ ಜಲಾಶಯದ ಏರಿಯೇ ಒಡೆದುಹೋಯಿತು. ಸರಪಳಿಯಂತೆ ಒಂದರ ಕೆಳಗೊಂದು ಇರುವ ನಮ್ಮ ಕೆರೆಗಳಲ್ಲಿ ಮೇಲಿನದು ಒಡೆದರೆ ಕೆಳಗಿನ ಕೆರೆ ಅಷ್ಟೂ ನೀರನ್ನು ಒಂದೇ ಗಳಿಗೆಯಲ್ಲಿ ನುಂಗಬೇಕಾಗುತ್ತದೆ. ಯಾವ ಕೋಡಿಯೂ ಅದಕ್ಕೆ ಸಾಲುವುದಿಲ್ಲ.

ಈ ವಾದದ ಬಲ ಗಣಿತ. ಆದರೆ ಕೋಡಿ ಜನರ ನಡುವೆ ಇದೆ. ನಾಲ್ಕು ದಿನ ಹೆಚ್ಚು ನೀರು ಸಿಗಲೆಂದು ಅಚ್ಚುಕಟ್ಟಿನವರು ಕೋಡಿಗೆ ಚೀಲ ಅಡ್ಡವಿಡುತ್ತಾರೆ. ಮೀನು ತಪ್ಪಿಸಿಕೊಳ್ಳದಿರಲೆಂದು ಗುತ್ತಿಗೆದಾರರು ಬಲೆ ಕಟ್ಟುತ್ತಾರೆ, ಬಲೆಗೆ ಕಸ ಸಿಕ್ಕಿ ಕೋಡಿ ಮುಚ್ಚುತ್ತದೆ. ಹಿನ್ನೀರಿನಲ್ಲಿ ಹೊಲ ಮುಳುಗುವವನು ಕೋಡಿಯ ಕಲ್ಲನ್ನು ರಾತ್ರೋರಾತ್ರಿ ತೆಗೆಯುತ್ತಾನೆ. ನಕ್ಷೆಯಲ್ಲಿ ಬರೆದ ಕೋಡಿಯ ಎತ್ತರ ಆಗಸ್ಟ್‌ನಲ್ಲಿ ಹಾಗೇ ಉಳಿದಿರುವುದಿಲ್ಲ.

ಇನ್ನೊಂದು ಕೊರತೆ ದೊಡ್ಡದು. ಇಲಾಖೆಯ ಕೆಲಸ ಟೆಂಡರಿನಿಂದ ಟೆಂಡರಿಗೆ ನೆಗೆಯುತ್ತದೆ. ಏರಿ ಎತ್ತರಿಸುವುದು, ಕಲ್ಲು ಹೊದಿಸುವುದು, ಹೂಳೆತ್ತುವುದು ಎಲ್ಲವೂ ಒಮ್ಮೆ ಮಾಡಿ ಬಿಲ್ಲು ಬರೆಯುವ ಕಾಮಗಾರಿಗಳು. ಇಂಗ್ಲೆಂಡಿನ ದಕ್ಷಿಣ ತೀರದ ಪೆವೆನ್ಸಿ ಕೊಲ್ಲಿಯಲ್ಲಿ ಸುಮಾರು 9 ಕಿಲೋಮೀಟರ್ ಉದ್ದದ ಗುಂಡುಗಲ್ಲಿನ ದಿಬ್ಬವೇ ಹಿಂದಿನ ತಗ್ಗು ನೆಲಕ್ಕೆ ಕಡಲಿನಿಂದ ರಕ್ಷೆ. ಅಲ್ಲಿ 2000ದಲ್ಲಿ ಕೊಟ್ಟ ಗುತ್ತಿಗೆ ಕಟ್ಟುವುದಕ್ಕಲ್ಲ, 25 ವರ್ಷ ಕಾಯುವುದಕ್ಕೆ. ಅಲೆ ತಳ್ಳಿಕೊಂಡುಹೋದ ಕಲ್ಲನ್ನು ಲಾರಿಯಲ್ಲಿ ಮತ್ತೆ ಹಿಂದಕ್ಕೆ ತಂದು ಸುರಿಯುವುದೇ ಆ ಗುತ್ತಿಗೆಯ ದಿನಚರಿಯಾಗಿತ್ತು. ಆ ದೇಶದ ಹಣ ನಮ್ಮಲ್ಲಿಲ್ಲ, ನಿಜ. ಆದರೆ ದತ್ತಿಯ ಕೋಣ ಸಾಕಿದ ನಮ್ಮ ಹಳೆಯ ಶಾಸನಗಳ ಲೆಕ್ಕವೂ ಇದೇ ಜಾತಿಯದು.

ಕೊಳವೆಬಾವಿ, ಏತದ ನೀರು

ಕಳೆದ ನಾಲ್ಕು ದಶಕಗಳಲ್ಲಿ ಈ ಪ್ರಶ್ನೆಯ ನೆಲವನ್ನೇ ಅಲುಗಿಸಿದ್ದು ಕೊಳವೆಬಾವಿ. ಕೆರೆಯ ಕೆಳಗಿನ ರೈತನಿಗೆ ತೂಬಿಗಿಂತ ಮೋಟಾರಿನ ಗುಂಡಿ ಹತ್ತಿರವಾಯಿತು. ಭತ್ತ ಬಿಟ್ಟು ಗೋವಿನಜೋಳ, ಅಡಿಕೆ ಹಿಡಿದವರಿಗೆ ಏರಿಯ ಮೇಲೆ ನಡೆಯುವ ಕಾರಣವೇ ಉಳಿಯಲಿಲ್ಲ. ಕೊಳವೆಬಾವಿಗೆ ನೀರು ಇಂಗಿಸುವುದೂ ಅದೇ ಕೆರೆ. ಆದರೆ ಆ ನಂಟು ಕಣ್ಣಿಗೆ ಕಾಣುವುದಿಲ್ಲ. ಹಣದ ಕಡೆಯಿಂದ ನೋಡುವ ಪಂಡಿತರು ಇದನ್ನೇ ಮುಖ್ಯ ಕಾರಣವೆನ್ನುತ್ತಾರೆ. ಲಾಭ ಎಲ್ಲಿ ಸೇರುತ್ತದೋ ಅಲ್ಲಿಂದಲೇ ಕಾಯುವ ವೆಚ್ಚ ಬರಬೇಕು, ಹಾಗಾಗಿ ಕೊಳವೆಬಾವಿ ಇದ್ದವರೂ ಕೆರೆಗೆ ಕೊಡಬೇಕು ಎಂಬುದು ಅವರ ಮಾತು. ನ್ಯಾಯವಾದ ಮಾತು. ಯಾವ ಪಂಚಾಯತಿಯೂ ಅದನ್ನು ವಸೂಲಿಗೆ ತರುವ ಧೈರ್ಯ ಮಾಡಿದ್ದನ್ನು ನಾನು ಕಂಡಿಲ್ಲ.

ಅದರ ಬೆನ್ನಿಗೆ ಏತ ನೀರಾವರಿ ಬಂತು. ಹಾನಗಲ್ಲಿನ ಬಾಳಂಬೀಡ, ಶಿಗ್ಗಾವಿ ಏತ ನೀರಾವರಿ, ಹಿರೇಕೆರೂರಿನ ಸರ್ವಜ್ಞ ಏತ ನೀರಾವರಿ ಇವೆಲ್ಲ ನದಿ ನೀರನ್ನು ಎತ್ತಿ ಕೊಳವೆಯಲ್ಲಿ ಕೆರೆಗಳಿಗೆ ತುಂಬುವ ಯೋಜನೆಗಳು. 2023ರ ಬರವನ್ನು ಕಂಡವರಾರೂ ಇವನ್ನು ಹಗುರವಾಗಿ ಮಾತನಾಡಲಾರರು. ದನಕರುಗಳಿಗೆ ನೀರು ಸಿಗುವುದೇ ದೊಡ್ಡದು. ಆದರೆ ಏರಿಗೆ ಇದು ಹೊಸ ಬದುಕು. ಮೊದಲು ಬೇಸಗೆಯಲ್ಲಿ ಕೆರೆ ಬತ್ತಿದಾಗ ಏರಿಯ ಒಳಮೈ ತೆರೆದು ಕಾಣುತ್ತಿತ್ತು. ಜಾರಿದ ಕಲ್ಲು, ಏಡಿಯ ಬಿಲ, ತೂಬಿನ ಬಿರುಕು ಎಲ್ಲ ಕೈಗೆ ಸಿಗುತ್ತಿತ್ತು. ವರ್ಷವಿಡೀ ತುಂಬಿದ ಕೆರೆಯಲ್ಲಿ ಆ ದುರಸ್ತಿಯ ಕಾಲವೇ ಇಲ್ಲ. ಮೇ ತಿಂಗಳಲ್ಲಿಯೇ ಕೋಡಿಯ ಅಂಚಿಗಿರುವ ಕೆರೆಗೆ ಜೂನಿನ ಮೊದಲ ಅಬ್ಬರದ ಮಳೆಯನ್ನು ಹಿಡಿದಿಡುವ ಜಾಗವೂ ಇಲ್ಲ.

ಬಗೆಹರಿಯದೆ ಉಳಿದವು

ಸವಣೂರಿನ ಎರೆ ಏರಿಗೆ ಸದಾ ನೀರು ನಿಲ್ಲುವುದು ಒಳಿತೋ ಕೆಡುಕೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಬಿರುಕು ಬಿಡುವುದು ತಪ್ಪುತ್ತದೆ ಎನ್ನುವವರಿದ್ದಾರೆ, ಮಣ್ಣು ನೆನೆದು ಮೆತ್ತಗಾಗುತ್ತದೆ ಎನ್ನುವವರೂ ಇದ್ದಾರೆ. ಎರಡು ತಾಸಿನಲ್ಲಿ ತಿಂಗಳ ಮಳೆ ಸುರಿಯುವ ಈ ಕಾಲದಲ್ಲಿ ಹಳೆಯ ಕೋಡಿಗಳನ್ನು ಎಷ್ಟು ಅಗಲಿಸಬೇಕು, ಅಗಲಿಸಿದ ಕೋಡಿಯ ನೀರು ಹರಿಯುವ ಹಳ್ಳವನ್ನು ಒತ್ತಿಕೊಂಡವರನ್ನು ಎಬ್ಬಿಸುವವರು ಯಾರು ಎಂಬುದೂ ಹಾಗೆಯೇ ಇದೆ. ಏರಿಯ ಮರ ಕಡಿಯಬೇಕೋ ಬಿಡಬೇಕೋ ಎಂಬುದರಲ್ಲಿ ಎಂಜಿನಿಯರಿಗೂ ಊರವರಿಗೂ ಒಮ್ಮತವಿಲ್ಲ. 2014ರಲ್ಲಿ ಕೆರೆ ಸಂರಕ್ಷಣೆಗೆಂದೇ ಒಂದು ಕಾಯ್ದೆ ಬಂತು. ಆದರೆ ರಾಜ್ಯದ 36,000ದಷ್ಟು ಕೆರೆಗಳಲ್ಲಿ ಪ್ರತಿಯೊಂದರ ಏರಿಯನ್ನೂ ಮಳೆಗಾಲದ ರಾತ್ರಿ ನೋಡುವವರು ಯಾರೆಂದು ಕೇಳಿದರೆ ಇಂದಿಗೂ ಒಂದು ಹೆಸರು ಸಿಕ್ಕುವುದಿಲ್ಲ.

ಸಂಬಳದ ನೀರಗಂಟಿ ಬೇಕು ಎಂಬುದು ನನ್ನ ಒಲವು. ಜಾತಿಯಿಂದ ನೇಮಿಸದ, ಹೆಣ್ಣಾದರೂ ಗಂಡಾದರೂ ಸರಿ, ಐದಾರು ಕೆರೆಗಳಿಗೆ ಒಬ್ಬರು. ಸಂಬಳ ಪಂಚಾಯತಿ ಕೊಡಬೇಕೋ, ಇಲಾಖೆ ಕೊಡಬೇಕೋ, ಅಚ್ಚುಕಟ್ಟಿನವರೂ ಕೊಳವೆಬಾವಿಯವರೂ ಸೇರಿ ಕೊಡಬೇಕೋ? ಅವರು ರಾತ್ರಿ ಎರಡಕ್ಕೆ ರಾಡಿ ನೀರು ಕಂಡು ಫೋನು ಮಾಡಿದರೆ ಎತ್ತಲೇಬೇಕಾದ ಅಧಿಕಾರಿ ಯಾರು? ಎರಡು ಜಿಲ್ಲೆಗಳ ನಡುವೆ ಬಿದ್ದ ಮದಗದಂಥ ಕೆರೆಯಲ್ಲಿ ಆ ಫೋನು ಯಾವ ಕಡೆಗೆ ಹೋಗಬೇಕು? ನಮ್ಮೂರ ಏರಿಯ ಹಿಂಬದಿಯಲ್ಲಿ ದೊಡ್ಡಪ್ಪ ಕೋಲು ನೆಡಿಸಿದ್ದ ಜಾಗದಲ್ಲಿ ಈಗಲೂ ಮಳೆಗಾಲಕ್ಕೆ ನೀರು ಜಿನುಗುತ್ತದೆ. ಹೋದ ವರ್ಷ ನಾನು ನೋಡಿದಾಗ ತಿಳಿಯಾಗಿತ್ತು.